ಪ್ರಾಜೆಕ್ಟ್ ರಿಯಾಕ್ಟರ್: ಖಾಲಿ ಮೋನೊ ಜೊತೆ ಹಲವು ಹಂಗಾಮು

ಬೆಳಗಾವಿಯಲ್ಲಿ ಸಕ್ಕರೆ ಕಾರ್ಖಾನೆಗಳಿಗೆ ತೂಕದ ಚೀಟಿ, ಕಬ್ಬಿನ ಬಿಲ್ಲಿನ ಸಾಫ್ಟ್‌ವೇರ್ ಮಾಡುತ್ತೇವೆ. ಬಳಸುವುದು ಜಾವಾದ ವೆಬ್ ಫ್ರೇಮ್‌ವರ್ಕ್ ಸ್ಪ್ರಿಂಗ್ ವೆಬ್‌ಫ್ಲಕ್ಸ್, ಅದರ ಕೆಳಗೆ ಉತ್ತರಕ್ಕಾಗಿ ಥ್ರೆಡ್ ಅನ್ನು ಕಾಯಿಸದೆ ಕೆಲಸ ನಡೆಸುವ ಲೈಬ್ರರಿ ರಿಯಾಕ್ಟರ್. ಕಾಟಾ ಮುಂದೆ ಟ್ರ್ಯಾಕ್ಟರ್ ಸಾಲು ಬೆಳೆದರೂ ಕೆಲವೇ ಥ್ರೆಡ್‌ಗಳಲ್ಲಿ ಕೆಲಸ ಸಾಗುತ್ತದೆ. ವೇಗದ ಬಗ್ಗೆ ನನ್ನದು ಯಾವ ದೂರೂ ಇಲ್ಲ.

ಕಲಿಯಲು ಸಮಯ ಬೇಡುವುದು ಖಾಲಿ ಮೋನೊ. ಮೋನೊ ಅಂದರೆ ಮುಂದೆ ಬರಲಿರುವ ಉತ್ತರಕ್ಕೆ ರಿಯಾಕ್ಟರ್ ಕೊಡುವ ಟೈಪ್. ಅದರಿಂದ ಒಂದು ಉತ್ತರ ಬರಬಹುದು, ಬರದೆಯೂ ಮುಗಿಯಬಹುದು. 'ಏನೂ ಇಲ್ಲ' ಅನ್ನುವ ನಲ್ ಕಳಿಸುವಂತಿಲ್ಲ, ರಿಯಾಕ್ಟರ್ ಪಾಲಿಸುವ ರಿಯಾಕ್ಟಿವ್ ಸ್ಟ್ರೀಮ್ಸ್ ಮಾನದಂಡದ ನಿಯಮವೇ ಹಾಗಿದೆ. ಉತ್ತರ ಇಲ್ಲದಿದ್ದರೆ, ಅದರ ಮೇಲೆ ಕೆಲಸ ಮಾಡಬೇಕಾದ ಮುಂದಿನ ಮ್ಯಾಪ್, ಫ್ಲ್ಯಾಟ್‌ಮ್ಯಾಪ್ ಹಂತಗಳು ಓಡುವುದೇ ಇಲ್ಲ. ಎರರ್ ಕೂಡ ಬರುವುದಿಲ್ಲ.

ಚೀಟಿಯನ್ನೇ ನೋಡಿ. ತೂಕ ಒಂದು ಸರ್ವಿಸ್‌ನಿಂದ, ರೈತರ ಮುಂಗಡದ ಬಾಕಿ ಇನ್ನೊಂದರಿಂದ ಬರುತ್ತದೆ. ಎರಡು ಉತ್ತರಗಳನ್ನು ಜೋಡಿಸುವ ಮೋನೊ ಝಿಪ್‌ಗೆ ಎರಡನ್ನೂ ಕೊಡುತ್ತೀರಿ. ಮುಂಗಡ ಪಡೆಯದ ರೈತರಿಗೆ ಎರಡನೆಯದು ಖಾಲಿ. ಆಗ ಝಿಪ್ ಪೂರ್ತಿ ಖಾಲಿಯಾಗಿ ಮುಗಿಯುತ್ತದೆ, ತೂಕದ ಕರೆ ಇನ್ನೂ ನಡೆಯುತ್ತಿದ್ದರೆ ಅದನ್ನೂ ರದ್ದು ಮಾಡುತ್ತದೆ. ಸಾಲವೇ ಇಲ್ಲದ ರೈತರಿಗೆ ಚೀಟಿ ಸಿಗುವುದಿಲ್ಲ! ಖಾಲಿ ಬಂದಾಗ ಬದಲಿ ಉತ್ತರ ಕೊಡುವ ಡಿಫಾಲ್ಟ್‌ಇಫ್‌ಎಂಪ್ಟಿಯಲ್ಲಿ ಬಾಕಿಗೆ ಸೊನ್ನೆ ಕೊಡಬಹುದು. ನನಗೆ ಅದು ಒಪ್ಪಿಗೆಯಿಲ್ಲ. ಮುಂಗಡ ತೀರಿಸಿದವರೂ ಮುಂಗಡವನ್ನೇ ಪಡೆಯದವರೂ ಒಂದೇ ಅಲ್ವಲ್ಲ. ಝಿಪ್‌ಗೆ ಮೊದಲೇ ಬಾಕಿಯನ್ನು ಆಪ್ಷನಲ್‌ನಲ್ಲಿ (ಒಳಗೆ ಏನಾದರೂ ಇರಬಹುದು, ಇಲ್ಲದಿರಬಹುದು ಅನ್ನುವ ಜಾವಾದ ಡಬ್ಬಿ) ಸುತ್ತಿ, ಖಾಲಿ ಬಂದರೆ ಆಪ್ಷನಲ್ ಎಂಪ್ಟಿ ಕೊಡಿ. ಹೊಸ ಆವೃತ್ತಿಗಳಲ್ಲಿ ಇದಕ್ಕೆ ಸಿಂಗಲ್‌ಆಪ್ಷನಲ್ ಅಂತಲೇ ಆಪರೇಟರ್ ಇದೆ. ಆದರೆ ಬಾಕಿಯ ಸರ್ವಿಸ್ ಕೆಟ್ಟು ನಿಂತಾಗ ಬರುವ ಎರರ್ ಅನ್ನು ಖಾಲಿ ಮಾಡಿ ನುಂಗಬೇಡಿ. ಹಾಗೆ ಮಾಡಿದರೆ ಬಿಲ್ಲಿನಲ್ಲಿ ಮುಂಗಡ ಮುರಿಯದೇ ಹೋಗುತ್ತದೆ.

ಖಾಲಿ ಬಂದಾಗ ಬೇರೆ ಮೋನೊಗೆ ಹೊರಳುವ ಸ್ವಿಚ್‌ಇಫ್‌ಎಂಪ್ಟಿಯಲ್ಲೂ ಒಂದು ವಿಷಯವಿದೆ. ಅದರೊಳಗೆ ಬರೆದ ಮೆಥಡ್ ಕರೆ, ಉತ್ತರ ಬಂದರೂ ಬರದಿದ್ದರೂ, ಸರಪಳಿ ಕಟ್ಟುವಾಗಲೇ ನಡೆಯುತ್ತದೆ. ಅದನ್ನು, ಬೇಕಾದಾಗ ಮಾತ್ರ ಓಡಿಸುವ ಡಿಫರ್ ಒಳಗಿಡಿ. ಸೇವ್ ಆದ ಮೇಲೆ ಒಳಗೆ ಏನೂ ಕೊಡದೆ ದೆನ್ ಬರೆದು, ಅದರ ಕೆಳಗೆ 'ರೈತರು ಸಿಗಲಿಲ್ಲ' ಎಂಬ ಎರರ್ ಕೊಡುವ ಸ್ವಿಚ್‌ಇಫ್‌ಎಂಪ್ಟಿ ಹಾಕಿದರೆ, ಸೇವ್ ಸರಿಯಾಗಿ ಆದರೂ ಯಾವಾಗಲೂ ಅದೇ ಎರರ್ ಬರುತ್ತದೆ. ಅಂಥ ದೆನ್ ಕೊಡುವ ಮೋನೊ ಯಾವತ್ತೂ ಖಾಲಿಯೇ.

ಇಂಥದೇ ಇನ್ನೊಂದು ಲೈಬ್ರರಿ ಆರ್‌ಎಕ್ಸ್‌ಜಾವಾ 2016ರಲ್ಲಿ ಬಂದ ತನ್ನ ಎರಡನೇ ಆವೃತ್ತಿಯಲ್ಲೇ ಖಾಲಿ ಬಾರದ ಸಿಂಗಲ್ ಬೇರೆ, ಖಾಲಿ ಬರಬಹುದಾದ ಮೇಬಿ ಬೇರೆ ಮಾಡಿತು. ಖಾಲಿ ಬರಬಹುದೋ ಇಲ್ಲವೋ ಅಂತ ಟೈಪ್ ನೋಡಿದರೇ ಗೊತ್ತಾಗುತ್ತದೆ. ರಿಯಾಕ್ಟರ್‌ನಲ್ಲಿ ಎರಡಕ್ಕೂ ಮೋನೊ ಒಂದೇ. ನನಗೆ ಇದು ದೊಡ್ಡ ಕೊರತೆ.

ಆದರೂ ಹೊರಗಿನ ಕರೆಗಳು ಜಾಸ್ತಿ ಇರುವ ಕೆಲಸಕ್ಕೆ ಧೈರ್ಯವಾಗಿ ಹೇಳುತ್ತೇನೆ, ರಿಯಾಕ್ಟರನ್ನೇ ಬಳಸಿ. ನಾಲ್ಕು ಜನ ಬಳಸುವ ಆಫೀಸಿನ ಸಾಫ್ಟ್‌ವೇರ್‌ಗೆ ಬೇಡ. ಅಲ್ಲಿಗೆ ಸಾದಾ ವೆಬ್ ಫ್ರೇಮ್‌ವರ್ಕ್ ಸ್ಪ್ರಿಂಗ್ ಎಂವಿಸಿ, ಜಾವಾ 21ರ ಹಗುರವಾದ ವರ್ಚುವಲ್ ಥ್ರೆಡ್ ಸಾಕು.