ಗೆಣಸು ಹಚ್ಚಲು ಯಾವುದು ಒಳ್ಳೆಯದು: ನೀರಿನ ಗ್ಲಾಸು, ಉಸುಕಿನ ಬುಟ್ಟಿ, ಬಳ್ಳಿ ತುಂಡು

ಮನೆಯಲ್ಲಿ ಗೆಣಸು ಬೆಳೆಯಬೇಕು ಅಂದಾಗ ಎಲ್ಲರೂ ಮೊದಲು ಕೇಳುವುದು ಒಂದೇ. ಗಡ್ಡೆ ಹುಗಿಯಬೇಕಾ, ಬಳ್ಳಿ ಹಚ್ಚಬೇಕಾ? ಮೊಬೈಲಿನಲ್ಲಿ ವಿಡಿಯೋ ನೋಡಿದವರು ಮೂರನೆಯದನ್ನೂ ಕೇಳುತ್ತಾರೆ, ಗ್ಲಾಸಿನ ನೀರಲ್ಲಿ ನಿಲ್ಲಿಸಿ ಚಿಗುರು ಬರಿಸಿದರೆ ಹೇಗೆ ಅಂತ. ನಾನು ಇವೆಲ್ಲವನ್ನೂ ಮಾಡಿ ನೋಡಿದ್ದೇನೆ. ನಮ್ಮ ಮನೆ ಹುಬ್ಬಳ್ಳಿಯಲ್ಲಿ, ಹಿತ್ತಲ ತುಂಬ ಕಪ್ಪು ಎರೆ ಮಣ್ಣು. ಅಕ್ಕನ ಮನೆ ಧಾರವಾಡದಲ್ಲಿ, ಅಲ್ಲಿ ಕೆಂಪು ಮಸಾರಿ. ನಡುವೆ ಇರುವುದು ಸುಮಾರು 20 ಕಿಲೋಮೀಟರ್. ಆದರೆ ಒಂದೇ ಬಳ್ಳಿಯ ತುಂಡುಗಳನ್ನು ಎರಡೂ ಕಡೆ ಹಚ್ಚಿದಾಗ ಸಿಕ್ಕ ಗೆಣಸು ನೋಡಿದರೆ ಒಂದೇ ತಳಿ ಅಂತ ನಂಬುವುದು ಕಷ್ಟ.

ನನ್ನ ತೀರ್ಮಾನ ಮೊದಲೇ ಹೇಳುತ್ತೇನೆ. ಗಡ್ಡೆ ಬೇಕಾಗುವುದು ಬಳ್ಳಿ ಮಾಡಿಕೊಳ್ಳಲು. ನೆಲಕ್ಕೆ ಹೋಗಬೇಕಾದದ್ದು ಬಳ್ಳಿ. ಆಲೂಗಡ್ಡೆ ಕಾಂಡದ ಗಡ್ಡೆ, ಅದನ್ನು ತುಂಡು ಮಾಡಿ ಹೂಳಿದರೆ ಸರಿ. ಗೆಣಸು ಉಬ್ಬಿದ ಬೇರು. ಬಳ್ಳಿಯ ಗಿಣ್ಣಿನಿಂದ, ಅಂದರೆ ಎಲೆ ಹೊರಡುವ ಗಂಟಿನಿಂದ, ಹೊಸ ಬೇರು ಹೊರಟು, ಅದರಲ್ಲಿ ಕೆಲವು ಮಾತ್ರ ದಪ್ಪಗಾಗಿ ಗೆಣಸಾಗುತ್ತವೆ. ಇಡೀ ಗಡ್ಡೆಯನ್ನೇ ಪಾತಿಗೆ ಹೂಳಿದರೆ ಬಳ್ಳಿ ದಂಡಿಯಾಗಿ ಹಬ್ಬುತ್ತದೆ. ಆದರೆ ಹಳೇ ಗಡ್ಡೆ ನಾರಾಗಿ ಉಬ್ಬಿ ಕೂತಿರುತ್ತದೆ, ಹೊಸವು ಸಣ್ಣ, ಸೊಟ್ಟ. ಧಾರವಾಡದ ಮಾರ್ಕೆಟ್ಟಿಗೆ ಗೆಣಸು ತರುವ ಖಾನಾಪುರ ಕಡೆಯ ರೈತರೊಬ್ಬರು ಇದನ್ನು ನನಗೆ ಒಂದೇ ಮಾತಿನಲ್ಲಿ ಹೇಳಿದ್ದರು: "ಗಡ್ಡಿ ಹುಗದ್ರ ಬಳ್ಳಿ ಬರ್ತಾವ್ರೀ ಅಕ್ಕಾರ, ಗೆಣಸ ಬರಂಗಿಲ್ಲ."

ನೀರಿನ ಗ್ಲಾಸು

ಇದು ನೋಡಲು ಚೆಂದ. ಗೆಣಸಿನ ಕೆಳಗಿನ ಅರ್ಧ ನೀರಲ್ಲಿ, ಮೇಲಿನ ಅರ್ಧ ಹೊರಗೆ. ಬಳ್ಳಿಗೆ ಅಂಟಿಕೊಂಡಿದ್ದ ತುದಿ ಮೇಲಿರಬೇಕು, ಚಿಗುರು ಜಾಸ್ತಿ ಬರುವುದು ಆ ಕಡೆಯಿಂದ. ಮನೆಯಲ್ಲಿ ಮಕ್ಕಳಿದ್ದರೆ ಖಂಡಿತ ಮಾಡಿ ತೋರಿಸಿ. ಬೇರು ಹೇಗೆ ಬರುತ್ತದೆ ಅನ್ನುವುದು ಅವರಿಗೆ ಕಣ್ಣಿಗೇ ಕಾಣುತ್ತದೆ.

ಗಿಡಕ್ಕೆ ಮಾತ್ರ ಇದು ನನಗೆ ಒಗ್ಗಲಿಲ್ಲ. ಚಿಗುರು ಬರಲು ತಿಂಗಳವರೆಗೂ ಕಾಯಬೇಕಾಗುತ್ತದೆ. ಅಷ್ಟರಲ್ಲಿ ಕೆಲವು ಗಡ್ಡೆ ಕೊಳೆತು ವಾಸನೆ ಹೊಡೆಯುತ್ತವೆ. ಮಳೆಗಾಲದಲ್ಲಿ ನಿಂತ ನೀರು ಅಂದರೆ ಸೊಳ್ಳೆ, ಎರಡು ದಿನಕ್ಕೊಮ್ಮೆ ನೀರು ಬದಲಿಸಲೇಬೇಕು. ನಳದ ನೀರು ಬರುವ ದಿನಕ್ಕೆ ಕಾದು ಕೂರುವ ನಮ್ಮ ಓಣಿಯಲ್ಲಿ ಅದೂ ಒಂದು ಲೆಕ್ಕವೇ. ಬಂದ ಚಿಗುರು ತೆಳ್ಳಗೆ, ನೀರಲ್ಲಿ ಬೆಳೆದ ಬೇರು ಬಲು ಸೂಕ್ಷ್ಮ. ಮಣ್ಣಿಗೆ ಹೋದ ಮೇಲೆ ಒಂದು ವಾರ ಬಾಡಿ ಮಲಗುತ್ತದೆ. ಬೇರು ಉದ್ದ ಆಗುವವರೆಗೆ ಗ್ಲಾಸಿನಲ್ಲೇ ಬಿಟ್ಟರೆ ಸುರುಳಿ ಸುತ್ತಿಕೊಳ್ಳುತ್ತದೆ, ಮುಂದೆ ಗೆಣಸೂ ಸುತ್ತಿಕೊಂಡೇ ಬೆಳೆಯುತ್ತದೆ.

ಉಸುಕಿನ ಬುಟ್ಟಿ

ಬಳ್ಳಿ ಎಲ್ಲೂ ಸಿಗದಿದ್ದಾಗ, ಅಥವಾ ಸಂತೆಯಲ್ಲಿ ಸಿಕ್ಕ ಒಂದು ಗೆಣಸಿನ ರುಚಿಯೇ ಬೇಕು ಅನ್ನಿಸಿದಾಗ ಇದೇ ದಾರಿ. ಹಳೇ ಪ್ಲಾಸ್ಟಿಕ್ ಬುಟ್ಟಿಯ ತಳಕ್ಕೆ ತೂತು ಮಾಡಿ ಉಸುಕು ಮತ್ತು ಕೆಂಪು ಮಣ್ಣು ಸಮ ಸಮ ಹಾಕಿ. ಗೆಣಸನ್ನು ಅಡ್ಡ ಮಲಗಿಸಿ, ಮೇಲೆ ಎರಡು ಇಂಚು ಉಸುಕು ಮುಚ್ಚಿ. ತೇವ ಇರಲಿ, ಕೆಸರು ಬೇಡ. ಬೆಚ್ಚಗಿನ ದಿನಗಳಲ್ಲಿ ಎರಡು ಮೂರು ವಾರಕ್ಕೆ ಚಿಗುರು ಮೇಲೆ ಬರುತ್ತದೆ. ಚಳಿಯಲ್ಲಿ ಇನ್ನೂ ತಡ.

ಗ್ಲಾಸಿಗೂ ಇದಕ್ಕೂ ಹೋಲಿಕೆಯೇ ಇಲ್ಲ. ಕಾಂಡ ದಪ್ಪ, ಎಲೆ ಕಡು ಹಸಿರು, ಕೊಳೆಯುವುದು ಕಡಿಮೆ. ಒಂದು ಸಲ ಕೊಯ್ದ ಮೇಲೆ ಅದೇ ಗಡ್ಡೆ ಮತ್ತೆ ಚಿಗುರು ಕೊಡುತ್ತದೆ. ಚಿಗುರನ್ನು ಕಿತ್ತು ತೆಗೆಯಬೇಡಿ. ಮಣ್ಣಿನಿಂದ ಒಂದು ಇಂಚು ಮೇಲಕ್ಕೆ ಕತ್ತರಿಯಿಂದ ಕತ್ತರಿಸಿ. ಹಳೇ ಗಡ್ಡೆಯಲ್ಲಿ ಬೂಷ್ಟಿನ ರೋಗ ಇದ್ದರೆ ಅದು ಹೆಚ್ಚಾಗಿ ಬುಟ್ಟಿಯಲ್ಲೇ ಉಳಿಯುತ್ತದೆ, ಹೊಸ ಪಾತಿಗೆ ದಾಟುವುದು ಕಡಿಮೆ. ಬೇರಿಲ್ಲದೆ ಹೇಗೆ ಬದುಕುತ್ತದೆ ಅನ್ನುವ ಚಿಂತೆ ಬೇಡ. ಗೆಣಸಿನ ಗಿಣ್ಣು ಹಸಿ ಮಣ್ಣು ತಾಗಿದರೆ ಸಾಕು, ಒಂದು ವಾರದೊಳಗೆ ಬೇರು ಬಿಡುತ್ತದೆ.

ಇದರ ಒಂದೇ ತೊಂದರೆ ಸಮಯ. ಗಡ್ಡೆಯಿಂದ ಶುರು ಮಾಡಿದರೆ ಹಚ್ಚುವಷ್ಟು ಬಳ್ಳಿ ಆಗಲು ಒಂದೂವರೆ ತಿಂಗಳು ಬೇಕು. ಜೂನ್ ತಿಂಗಳ ಮಿರಗದ ಮಳೆಗೆ ಹಚ್ಚಬೇಕು ಅಂದರೆ ಏಪ್ರಿಲ್‌ನಲ್ಲೇ ಬುಟ್ಟಿ ತಯಾರಿರಬೇಕು.

ಬಳ್ಳಿ ತುಂಡು

ನನ್ನ ಮಟ್ಟಿಗೆ ಗೆದ್ದದ್ದು ಇದೇ, ಅದೂ ಭಾರೀ ಅಂತರದಿಂದ. ಬೆಳಗಾವಿ, ಖಾನಾಪುರ ಕಡೆ ಹೊಲಗಳಲ್ಲಿ ಗೆಣಸು ಜಾಸ್ತಿ. ಅಲ್ಲಿಂದ ಮಾರಲು ಬರುವವರಿಗೆ ಮೊದಲೇ ಹೇಳಿಟ್ಟರೆ ಒಂದು ಕಟ್ಟು ಬಳ್ಳಿ ತಂದುಕೊಡುತ್ತಾರೆ. ಆದರೆ ಬಳ್ಳಿ ಅಂದರೆ ಎಲ್ಲ ಬಳ್ಳಿಯೂ ಒಂದೇ ಅಲ್ಲ. ನಾನು ತುದಿ ತುಂಡು, ನಡು ತುಂಡು, ಬುಡದ ತುಂಡು ಮೂರನ್ನೂ ಪಕ್ಕಪಕ್ಕದ ಬೋದಿನಲ್ಲಿ (ಮಣ್ಣು ಏರಿಸಿದ ಸಾಲಿನಲ್ಲಿ) ಹಚ್ಚಿ ನೋಡಿದೆ. ತುದಿಯದು ಮೊದಲು ಹಿಡಿಯಿತು, ಗೆಣಸೂ ಅದಕ್ಕೇ ಜಾಸ್ತಿ. ನಡುವಿನದು ಅದರ ಹಿಂದೆ. ಬುಡದ ಗಟ್ಟಿ ತುಂಡು ಬದುಕಿತು, ಆದರೆ ಗಡ್ಡೆ ಕಡಿಮೆ. ತುದಿ ಆರಿಸಲು ಇನ್ನೊಂದು ದೊಡ್ಡ ಕಾರಣ ಗೆಣಸು ಕೊರೆಯುವ ಮೂತಿಹುಳು. ಅದು ಹಳೆಯ ದಪ್ಪ ಕಾಂಡದಲ್ಲಿ ಮೊಟ್ಟೆ ಇಡುತ್ತದೆ. ಬುಡದ ತುಂಡು ತಂದರೆ ಹುಳುವನ್ನೂ ಜೊತೆಗೇ ಮನೆಗೆ ತಂದಂತೆ.

ಉದ್ದ 20 ರಿಂದ 30 ಸೆಂಟಿಮೀಟರ್ ಇರಲಿ. ಐದಾರು ಗಿಣ್ಣು ಸಿಗುತ್ತವೆ. ತಂದ ದಿನವೇ ಹಚ್ಚುವುದಕ್ಕಿಂತ, ಎಲೆ ಸಮೇತ ಒದ್ದೆ ಗೋಣಿ ತಟ್ಟಿನಲ್ಲಿ ಸುತ್ತಿ ನೆರಳಲ್ಲಿ ಎರಡು ದಿನ ಇಟ್ಟು ಹಚ್ಚುವುದು ಮೇಲು. ಇದು ತಿರುವನಂತಪುರದ ಶ್ರೀಕಾರ್ಯದಲ್ಲಿರುವ ಕೇಂದ್ರೀಯ ಗಡ್ಡೆ ಬೆಳೆಗಳ ಸಂಶೋಧನಾ ಸಂಸ್ಥೆಯವರೂ ಹೇಳುವ ಮಾತು. ಎರಡು ದಿನದಲ್ಲಿ ಗಿಣ್ಣಿನ ಬಳಿ ಬಿಳೀ ಬೇರಿನ ಮೊನೆ ಕಾಣಲು ಶುರುವಾಗುತ್ತದೆ. ಅಂಥ ತುಂಡು ನೆಲಕ್ಕೆ ಹೋದರೆ ಬಾಡುವುದು ಬಹಳ ಕಡಿಮೆ. ತಂದ ಕೂಡಲೇ ಹಚ್ಚಿದವುಗಳಿಗೂ ಇವಕ್ಕೂ ಇರುವ ಫರಕು ಮೊದಲ ವಾರದಲ್ಲೇ ಕಾಣುತ್ತದೆ.

ಹಚ್ಚುವಾಗ ನೆಟ್ಟಗೆ ಚುಚ್ಚಬೇಡಿ. ಓರೆಯಾಗಿ ಮಲಗಿಸಿ ಮೂರು ಗಿಣ್ಣು ಮಣ್ಣೊಳಗೆ ಹೋಗುವಂತೆ ಮುಚ್ಚಿ, ತುದಿ ಹೊರಗಿರಲಿ. ನೆಟ್ಟಗೆ ಚುಚ್ಚಿದಲ್ಲಿ ಒಂದೇ ಕಡೆ ಗಡ್ಡೆ ಒತ್ತೊತ್ತಾಗಿ ಕೂತಿದ್ದವು. ಓರೆ ಹಚ್ಚಿದಲ್ಲಿ ಬಿಡಿಬಿಡಿಯಾಗಿ, ಒಂದೇ ಅಳತೆಯವು ಸಿಕ್ಕವು. ಬೋದಿನಿಂದ ಬೋದಿಗೆ 60 ಸೆಂಟಿಮೀಟರ್, ಗಿಡದಿಂದ ಗಿಡಕ್ಕೆ 20.

ಮೊದಲ ತಿಂಗಳು ತುಂಬ ಮುಖ್ಯ. ಯಾವ ಬೇರು ಗೆಣಸಾಗಬೇಕು ಅನ್ನುವುದು ಸುಮಾರು ಆಗಲೇ ತೀರ್ಮಾನವಾಗುತ್ತದೆ. ಆ ದಿನಗಳಲ್ಲಿ ಮಣ್ಣು ಒಣಗಿದರೂ, ನೀರು ನಿಂತರೂ ಬೇರು ಪೆನ್ಸಿಲ್ ದಪ್ಪಕ್ಕೇ ನಿಂತುಬಿಡುತ್ತದೆ. ಆಮೇಲೆ ಎಷ್ಟು ಉಪಚಾರ ಮಾಡಿದರೂ ಅದು ದಪ್ಪ ಆಗುವುದಿಲ್ಲ.

ಎರೆ, ಮಸಾರಿ, ಚೀಲ

ಬಳ್ಳಿಯ ವಿಷಯ ತೀರ್ಮಾನವಾದ ಮೇಲೆ ಉಳಿಯುವುದು ಮಣ್ಣು. ಅಕ್ಕನ ಹಿತ್ತಲ ಮಸಾರಿಯಲ್ಲಿ ಗೆಣಸು ತಾನಾಗಿಯೇ ಬರುತ್ತದೆ ಅಂದರೂ ತಪ್ಪಿಲ್ಲ. ಜೂನ್ ಕೊನೆಗೆ ಹಚ್ಚಿದರೆ ಆರಿದ್ರಾ ಮಳೆ ಹಿಡಿದು ಮುಂದಿನ ಮಳೆಗಳೇ ಸಾಕಿಬಿಡುತ್ತವೆ. ನೀರು ಬಸಿದು ಹೋಗುತ್ತದೆ, ಗಡ್ಡೆ ನುಣುಪು, ಕೈಯಿಂದಲೇ ಕೆದರಿ ತೆಗೆಯಬಹುದು.

ಹುಬ್ಬಳ್ಳಿಯ ಎರೆಯಲ್ಲಿ ಅದೇ ಜೂನ್ ನಾಟಿ ಕೆಲಸಕ್ಕೆ ಬರುವುದಿಲ್ಲ. ಮಳೆಗಾಲದಲ್ಲಿ ಎರೆ ನೀರು ಹಿಡಿದು ಕೂರುತ್ತದೆ. ಎಲೆ ಹಸಿರೋ ಹಸಿರು, ಕೆಳಗೆ ಬರೀ ಬೇರು. ಎರೆಗೆ ಹಿಂಗಾರೇ ಸರಿ. ಹಸ್ತ ಮಳೆ ಆದ ಮೇಲೆ, ಅಕ್ಟೋಬರ್ ನಡುವಿಗೆ ಹಚ್ಚಿ. ಮಣ್ಣಿನಲ್ಲಿ ಹಸಿ ಇರುತ್ತದೆ, ಹಗಲು ಚಿಕ್ಕದಾಗುತ್ತಾ ಹೋಗುತ್ತದೆ, ಚಿಕ್ಕ ಹಗಲಿನಲ್ಲಿ ಗೆಣಸು ಗಡ್ಡೆ ಕಟ್ಟುವುದು ಚುರುಕು. ನಾಲ್ಕು ತಿಂಗಳಿಗೆ ಫೆಬ್ರವರಿ. ಶಿವರಾತ್ರಿ ಉಪವಾಸಕ್ಕೆ ಮನೆಯ ಗೆಣಸೇ ಕುದಿಸಬಹುದು. ಮಾರ್ಕೆಟ್ಟಿನಲ್ಲಿ ಆಗ ರೇಟು ಏರಿರುತ್ತದೆ ಅಲ್ವಾ?

ಆದರೆ ಎರೆಯಲ್ಲಿ ಒಂದು ಅಪಾಯ ಇದೆ. ಜನವರಿ ಹೊತ್ತಿಗೆ ನೆಲ ಬಿರಿಯುತ್ತದೆ. ಮೂತಿಹುಳುವಿಗೆ ಮಣ್ಣು ತೋಡಿ ಒಳಗೆ ಹೋಗುವ ಶಕ್ತಿ ಇಲ್ಲ, ಅದು ಬಿರುಕಿನಿಂದಲೇ ಇಳಿಯುತ್ತದೆ. ನೋಡಲು ಇರುವೆಯಷ್ಟೇ, ನಡು ಕೆಂಪು, ಹಿಂಭಾಗ ಹೊಳೆಯುವ ನೀಲಿ ಕಪ್ಪು. ಅದರ ಮರಿ ಕೊರೆದ ಗೆಣಸು ಕಹಿ ಆಗುತ್ತದೆ, ಒಂದು ಮೂಲೆ ಕೊರೆದಿದ್ದರೂ ಇಡೀ ಗಡ್ಡೆಗೆ ವಾಸನೆ. ಆಕಳಿಗೂ ಹಾಕಬಾರದು. ಅದಕ್ಕೇ ಎರೆಯಲ್ಲಿ ಒಂದು ತಿಂಗಳಿಗೆ, ಎರಡು ತಿಂಗಳಿಗೆ ತಪ್ಪದೆ ಬೋದಿಗೆ ಮಣ್ಣು ಏರಿಸಬೇಕು. ಮೇಲೆ ಜೋಳದ ಕಣಿಕೆ ಅಥವಾ ಒಣ ಎಲೆ ಹೊದಿಸಬೇಕು. ನಾನು ಒಂದು ಬೋದಿಗೆ ಹೊದಿಕೆ ಹಾಕಿ, ಪಕ್ಕದ್ದಕ್ಕೆ ಹಾಕದೆ ನೋಡಿದೆ. ಬರೀ ಬೋದಿನಲ್ಲಿ ಹುಳು ಹೊಕ್ಕ ಗೆಣಸು ಬುಟ್ಟಿಗಟ್ಟಲೆ, ಹೊದಿಸಿದ್ದರಲ್ಲಿ ಅಲ್ಲೊಂದು ಇಲ್ಲೊಂದು. ಇಷ್ಟು ಅಗ್ಗದ ಕೆಲಸಕ್ಕೆ ಇಷ್ಟು ಫಲ ಸಿಗುವುದು ತೋಟದಲ್ಲಿ ಅಪರೂಪ. ಬೇಲಿಯ ಮೇಲೆ ಹಬ್ಬುವ ನೀಲಿ ಹೂವಿನ ಬಳ್ಳಿಗಳಲ್ಲಿ ಹಲವು ಗೆಣಸಿನ ದಾಯಾದಿಗಳು. ಹುಳು ಅವುಗಳಲ್ಲೂ ಬದುಕುತ್ತದೆ, ಹತ್ತಿರ ಇದ್ದರೆ ತೆಗೆದುಬಿಡಿ.

ನೆಲವೇ ಇಲ್ಲದವರಿಗೆ ಚೀಲ. ಖಾಲಿ ಸಿಮೆಂಟ್ ಚೀಲ ತೊಳೆದು, ತಳಕ್ಕೆ ತೂತು ಮಾಡಿ, ಮಸಾರಿ ಮಣ್ಣು, ಉಸುಕು, ಚೆನ್ನಾಗಿ ಕಳಿತ ತಿಪ್ಪೆ ಗೊಬ್ಬರ ಕಲಸಿ ತುಂಬಿ. ಚೀಲಕ್ಕೆ ಎರಡೇ ಬಳ್ಳಿ. ಆರು ತಾಸು ಬಿಸಿಲು ಬೇಕು. ನೆಲದಷ್ಟು ಇಳುವರಿ ಬರುವುದಿಲ್ಲ, ನೀರು ಮಾತ್ರ ಅದಕ್ಕಿಂತ ಹೆಚ್ಚು ಸಲ ಬೇಕು. ಆದರೂ ನಗರದಲ್ಲಿ ಇದಕ್ಕೊಂದು ದೊಡ್ಡ ಲಾಭ ಇದೆ. ಹೆಗ್ಗಣ, ಹಂದಿ ಎರಡರ ಕಾಟವೂ ಮಾಳಿಗೆ ಮೇಲೆ ಇಲ್ಲ. ಕೊಯ್ಲಿಗೆ ಅಗೆಯುವುದೂ ಬೇಡ, ಚೀಲ ಬೋರಲು ಹಾಕಿದರಾಯಿತು. ನನ್ನ ಆಯ್ಕೆ ಕೇಳಿದರೆ ಮೊದಲು ಮಸಾರಿ, ಆಮೇಲೆ ಹೊದಿಕೆ ಹಾಕಿದ ಎರೆ, ಕೊನೆಗೆ ಚೀಲ.

ಗೊಬ್ಬರ ಮೂರರಲ್ಲೂ ಒಂದೇ ಥರ. ಮೊದಲು ತಿಪ್ಪೆ ಗೊಬ್ಬರ, ಆಮೇಲೆ ಒಲೆಯ ಬೂದಿ ಸ್ವಲ್ಪ. ಯೂರಿಯಾ ಬೇಡವೇ ಬೇಡ, ಅದು ಬಳ್ಳಿಗೆ ಹಬ್ಬ, ಗಡ್ಡೆಗೆ ಉಪವಾಸ. ಬಳ್ಳಿ ಎತ್ತಿ ತಿರುವಿ ಹಾಕುವ ಪದ್ಧತಿಯನ್ನು ಮಳೆಗಾಲದಲ್ಲಿ ಮಾತ್ರ ಇಟ್ಟುಕೊಂಡಿದ್ದೇನೆ. ಮಳೆಯಲ್ಲಿ ಗಿಣ್ಣುಗಳು ಕಂಡಲ್ಲಿ ಬೇರು ಬಿಡುತ್ತವೆ, ಎತ್ತಿದರೆ ಅದು ತಪ್ಪುತ್ತದೆ. ಹಿಂಗಾರಿನಲ್ಲಿ ಎತ್ತಿದ್ದಕ್ಕೂ ಬಿಟ್ಟಿದ್ದಕ್ಕೂ ವ್ಯತ್ಯಾಸ ಕಾಣಲಿಲ್ಲ, ಸುಮ್ನೆ ಎಲೆ ಹರಿಯುತ್ತವೆ.

ಬಿಳಿ ತಿರುಳು, ಕಿತ್ತಳೆ ತಿರುಳು

ಕೆಂಪು ಸಿಪ್ಪೆ, ಬಿಳಿ ತಿರುಳಿನ ಮಾರ್ಕೆಟ್ ಗೆಣಸು ಕುದಿಸಿದರೆ ಹಿಟ್ಟು ಹಿಟ್ಟಾಗಿರುತ್ತದೆ. ಹೋಳಿಗೆಯ ಹೂರಣಕ್ಕೆ ಅದೇ ಬೇಕು. ನನಗೆ ಸಿಕ್ಕ ಕಿತ್ತಳೆ ತಿರುಳಿನದು ಮೆತ್ತಗೆ, ನೀರಿನ ಅಂಶ ಜಾಸ್ತಿ, ಮಕ್ಕಳು ಬೆಲ್ಲ ಬೇಡದೆ ತಿಂದರು. ಪೌಷ್ಟಿಕತೆಯಲ್ಲಿ ಕಿತ್ತಳೆ ಮುಂದೆ, ಆ ಬಣ್ಣವೇ ದೇಹದಲ್ಲಿ ವಿಟಮಿನ್ ಎ ಆಗುವ ಬೀಟಾ ಕ್ಯಾರೋಟಿನ್. ಮೇಲೆ ಹೇಳಿದ ಗಡ್ಡೆ ಬೆಳೆಗಳ ಸಂಶೋಧನಾ ಸಂಸ್ಥೆಯ ಭುವನೇಶ್ವರ ಕೇಂದ್ರದಿಂದ ಬಂದ ಭೂ ಸೋನಾ ಇಂಥ ಕಿತ್ತಳೆ ತಳಿ, ಭೂ ಕೃಷ್ಣ ನೇರಳೆ ತಿರುಳಿನದು. ಧಾರವಾಡದ ಕುಂಬಾಪುರ ಫಾರ್ಮಿನಲ್ಲೂ ಗಡ್ಡೆ ಬೆಳೆಗಳ ಸಂಶೋಧನೆ ನಡೆಯುತ್ತದೆ, ಬೇರೆ ತಳಿ ಬೇಕಾದವರು ಅಲ್ಲಿ ಕೇಳಿ ನೋಡಬಹುದು.

ಕೀಳುವ ಮೊದಲು ಒಂದು ಗಡ್ಡೆ ತೆಗೆದು ಅಡ್ಡ ಕೊಯ್ದು ಗಾಳಿಗೆ ಇಡಿ. ಕೊಯ್ದ ಭಾಗ ಬೆಳ್ಳಗೇ ಒಣಗಿದರೆ ಬಲಿತಿದೆ. ಕರ್ರಗೆ ಹಸಿರಾದರೆ ಇನ್ನೂ ಒಂದೆರಡು ವಾರ ಬಿಡಿ. ಕಿತ್ತ ಮೇಲೆ ತೊಳೆಯಬೇಡಿ. ಬೆಚ್ಚಗಿನ ನೆರಳಲ್ಲಿ, ಸ್ವಲ್ಪ ತೇವದ ಗೋಣಿ ಹೊದಿಸಿ ಒಂದು ವಾರ ಇಟ್ಟರೆ ಗಾಯ ಮಾಯುತ್ತದೆ, ಸಿಹಿಯೂ ಏರುತ್ತದೆ. ಕಿತ್ತ ದಿನವೇ ಕುದಿಸಿದ ಗೆಣಸಿಗೂ ವಾರ ಇಟ್ಟು ಕುದಿಸಿದ್ದಕ್ಕೂ ರುಚಿ ಹೋಲಿಸಿ ನೋಡಿ, ಮತ್ತೆ ಯಾವತ್ತೂ ಅವಸರ ಮಾಡುವುದಿಲ್ಲ. ಫ್ರಿಜ್ಜಿನಲ್ಲಿ ಮಾತ್ರ ಇಡಬೇಡಿ, 12 ಡಿಗ್ರಿಗಿಂತ ಕೆಳಗೆ ಗೆಣಸಿನ ಒಳಗು ಗಟ್ಟಿಯಾಗಿ, ಕುದಿಸಿದರೂ ಬೇಯುವುದಿಲ್ಲ.

ಕೊಯ್ಲಿನ ದಿನ ಬಳ್ಳಿಯನ್ನೆಲ್ಲ ತಿಪ್ಪೆಗೆ ಎಸೆಯುವ ಮೊದಲು ಹುಳುವಿಲ್ಲದ ಐದಾರು ತುದಿ ಆರಿಸಿ. ಒಂದು ದೊಡ್ಡ ಕುಂಡದಲ್ಲಿ ಹಚ್ಚಿ, ಬೇಸಿಗೆಯುದ್ದಕ್ಕೂ ಅರೆನೆರಳಲ್ಲಿ ಅಕ್ಕಿ ತೊಳೆದ ಮೊದಲ ನೀರು, ಕಾಯಿಪಲ್ಲೆ ತೊಳೆದ ನೀರು ಹಾಕುತ್ತಾ ಇರಿ. ಮೇ ಕೊನೆಗೆ ಆ ಒಂದು ಕುಂಡದಿಂದಲೇ ಇಡೀ ಪಾತಿಗೆ ಸಾಲುವಷ್ಟು ತುಂಡು ಸಿಗುತ್ತವೆ. ನಡುನಡುವೆ ಎಳೆ ಕುಡಿ ಚಿವುಟಿ ತೊಗರಿಬೇಳೆ ಜೊತೆ ಪಲ್ಯವನ್ನೂ ಮಾಡಬಹುದು, ಚಿವುಟಿದಷ್ಟೂ ಕವಲು ಜಾಸ್ತಿ.