ಡೋಲೋನಾ, ಜನರಿಕ್ಕಾ? ಎರಡನ್ನೂ ನುಂಗಿ ನೋಡಿದೆ

ಜನವರಿಯಲ್ಲಿ ಕಾಫಿ ಕುಯ್ಲು ಶುರುವಾದರೆ ನಮ್ಮ ಮನೆಯಲ್ಲಿ ಸಕ್ಕರೆಗಿಂತ ಮೊದಲು ಖಾಲಿಯಾಗುವುದು ನೋವಿನ ಮಾತ್ರೆ ಡೋಲೋ 650. ಬೆಳಿಗ್ಗೆಯಿಂದ ಕಣದಲ್ಲಿ ಕಾಫಿ ಹರಡಿ, ಸಂಜೆ ಮತ್ತೆ ಗುಡ್ಡೆ ಮಾಡಿ ಟಾರ್ಪಾಲು ಹೊದಿಸುವಷ್ಟರಲ್ಲಿ ಭುಜ ನನ್ನದಲ್ಲ ಅನ್ನಿಸಿಬಿಡುತ್ತದೆ.

ಈ ಸಲ ಕುಶಾಲನಗರಕ್ಕೆ ಹೋದಾಗ ಒಂದು ಸ್ಟ್ರಿಪ್ ಜನರಿಕ್, ಅಂದರೆ ದೊಡ್ಡ ಬ್ರಾಂಡಿನ ಹೆಸರಿಲ್ಲದೆ ಅದೇ ಔಷಧಿ ಇರುವ ಅಗ್ಗದ ಮಾತ್ರೆ ಕೂಡ ತಂದೆ. ಬಿಲ್ಲು ಹೆಚ್ಚೂಕಮ್ಮಿ ಅರ್ಧ. ಮನೆಗೆ ಬಂದು ಎರಡನ್ನೂ ಮಗುಚಿ ನೋಡಿದರೆ ಹಿಂದೆ ಬರೆದಿರುವುದು ಒಂದೇ: ಪ್ಯಾರಾಸಿಟಮಾಲ್ ಐಪಿ 650 ಮಿಲಿಗ್ರಾಂ. ಐಪಿ ಅಂದರೆ ಇಂಡಿಯನ್ ಫಾರ್ಮಕೋಪಿಯಾ. ಔಷಧಿ ಹೇಗಿರಬೇಕು ಅಂತ ಸರ್ಕಾರ ಹಾಕಿದ ಅಳತೆ ಅದು, ದುಬಾರಿ ಕಂಪನಿಗೂ ಅದೇ, ಅಗ್ಗದ್ದಕ್ಕೂ ಅದೇ.

ಒಂದು ವಾರ ಡೋಲೋ, ಮುಂದಿನ ವಾರ ಜನರಿಕ್. ನೋವು ಜಾಸ್ತಿ ಇದ್ದ ದಿನ ಮಾತ್ರ, ಊಟ ಆದಮೇಲೆ ಒಂದು. ಗಡಿಯಾರ ನೋಡಿಯೇ ನುಂಗಿದೆ. ಯಾವುದನ್ನು ನುಂಗಿದರೂ ಮುಕ್ಕಾಲು ಗಂಟೆಯೊಳಗೆ ಕೆಲಸ ಮಾಡಿತು. ವ್ಯತ್ಯಾಸ ಅಂದರೆ ಬಾಯಲ್ಲಿ. ಜನರಿಕ್ ಮಾತ್ರೆ ಸ್ವಲ್ಪ ಸುಣ್ಣದಕಡ್ಡಿ ಥರ, ನಾಲಿಗೆ ಮೇಲೆ ಎರಡು ಸೆಕೆಂಡು ಹೆಚ್ಚು ಇಟ್ಟರೂ ಕಹಿ ಹತ್ತಿಕೊಳ್ಳುತ್ತದೆ. ಡೋಲೋ ಜಾರಿಕೊಂಡು ಹೋಗುತ್ತದೆ. ಅಷ್ಟಕ್ಕೆ ದುಪ್ಪಟ್ಟು ದುಡ್ಡು ಕೊಡಬೇಕಾ? ನಾನಂತೂ ಕೊಡಲ್ಲ.

ಅತ್ತೆ ಒಪ್ಪಲಿಲ್ಲ. "ಅಗ್ಗದ್ದು ಎಂಥದಕ್ಕೆ ಆಗ್ತದೆ, ನಂಗೆ ನಂದೇ ಕೊಡು" ಅಂದರು. ಸರಿ, ಮೊಣಕಾಲು ಅವರದು.

ನನಗೆ ಬೇಜಾರಾಗಿದ್ದು ಬ್ರಾಂಡಿನಿಂದಲ್ಲ. ಒಮ್ಮೆ ಒಂದು ಅಂಗಡಿಯವರು ಸ್ಟ್ರಿಪ್ಪಿಂದ ನಾಲ್ಕೇ ಮಾತ್ರೆ ಕತ್ತರಿಸಿ ಕೊಟ್ಟರು, ತಾರೀಕು ಇದ್ದ ತುದಿ ಅವರ ಡಬ್ಬದಲ್ಲೇ ಉಳಿಯಿತು. ಈಗ ಇಡೀ ಸ್ಟ್ರಿಪ್ಪೇ ತರುತ್ತೇನೆ.

ಇನ್ನೊಂದು ವಿಷಯ, ಇದು ಎರಡಕ್ಕೂ ಸೇರಿದ್ದು. ನೆಗಡಿ ಮಾತ್ರೆಗಳಲ್ಲಿ ಬಹಳಷ್ಟಕ್ಕೆ ಪ್ಯಾರಾಸಿಟಮಾಲ್ ಸೇರಿಸಿರುತ್ತಾರೆ. ಮಳೆಗಾಲದಲ್ಲಿ ಮೂಗು ಸೋರುತ್ತೆ ಅಂತ ಅದೊಂದು, ಮೈಕೈ ನೋವು ಅಂತ ಇದೊಂದು ನುಂಗಿದರೆ ಲೆಕ್ಕ ಡಬಲ್ ಆಗುತ್ತದೆ. ದೊಡ್ಡವರಿಗೂ ದಿನಕ್ಕೆ 4 ಗ್ರಾಂ ಮೀರಬಾರದು, ಅಂದರೆ 650ರ ಮಾತ್ರೆ ಆರು, ಅದೂ ನಾಲ್ಕರಿಂದ ಆರು ಗಂಟೆ ಬಿಟ್ಟು ಬಿಟ್ಟು. ಮೀರಿದರೆ ಪೆಟ್ಟು ಲಿವರಿಗೆ. ದಿನಾ ಕುಡಿಯುವವರು ಡಾಕ್ಟರನ್ನು ಕೇಳದೆ ಅಷ್ಟಕ್ಕೂ ಕೈ ಹಾಕಬಾರದು.

ಈಗ ಎರಡೂ ಹಳೇ ಹಾರ್ಲಿಕ್ಸ್ ಬಾಟಲಿಯಲ್ಲಿವೆ, ತೇವ ತಾಗದ ಹಾಗೆ. ಮೊನ್ನೆ ನೋಡಿದರೆ ಜನರಿಕ್‌ನಲ್ಲಿ ಎರಡು ಕಮ್ಮಿ ಇತ್ತು. ನಾನು ತಗೊಂಡಿರಲಿಲ್ಲ. ಅತ್ತೆಯನ್ನು ಕೇಳಲೂ ಇಲ್ಲ.