ರಾಗಿ ಹೊಲಕ್ಕೆ ತಿಪ್ಪೆಗೊಬ್ಬರವೋ, ಚೀಲದ ಗೊಬ್ಬರವೋ, ಎರಡೂ ಸೇರಿಸೋದೋ?

ಕೋಲಾರದ ಕಡೆ ಮಳೆ ನಂಬಿದ ರಾಗಿಗೆ ಯಾವುದು ಹಾಕಲಿ ಅಂತ ಕೇಳಿದ್ದೀರಿ. ಮೊದಲು ಲೆಕ್ಕ ನೋಡಿ. 45 ಕೆಜಿ ಯೂರಿಯಾ ಚೀಲದಲ್ಲಿ ಸಾರಜನಕ ಸುಮಾರು 20 ಕೆಜಿ. ಅಷ್ಟಕ್ಕೆ ತಿಪ್ಪೆಗೊಬ್ಬರ ಹೆಚ್ಚುಕಮ್ಮಿ 4 ಟನ್ ಬೇಕು, ಅದೂ ಒಂದೇ ಬೆಳೆಗೆ ಪೂರ್ತಿ ಸಿಗುವುದಿಲ್ಲ. ಕೂಲಿ, ಟ್ರ್ಯಾಕ್ಟರ್ ಬಾಡಿಗೆ ಬೇರೆ. ಹಾಗಾಗಿ ಖರ್ಚು ಕಡಿಮೆ ಯೂರಿಯಾಕ್ಕೇ.

ಬಾಳಿಕೆಯಲ್ಲಿ ಹಾಗಲ್ಲ. ನಮ್ಮ ಕೆಂಪು ಮಣ್ಣು ನೀರು ಹಿಡಿಯುವುದೇ ಕಡಿಮೆ ಅಲ್ವಾ? ಮಳೆ ಕೈಕೊಟ್ಟರೆ ಚೆಲ್ಲಿದ ಯೂರಿಯಾ ಸುಮ್ನೆ ದಂಡ. ಕಳಿತ ಗೊಬ್ಬರ ಬಿದ್ದ ಮಣ್ಣಿನಲ್ಲಿ ತೇವ ಇನ್ನೂ ನಾಲ್ಕು ದಿನ ನಿಲ್ಲುತ್ತದೆ.

ಮನೆಯಲ್ಲಿ ಹಸು ಇದ್ದರೆ ಎರಡೂ ಸೇರಿಸಿ: ಬಿತ್ತನೆಗೆ ಎರಡು ಮೂರು ವಾರ ಮೊದಲು ತಿಪ್ಪೆಗೊಬ್ಬರ, ಬಿತ್ತುವಾಗ ಡಿಎಪಿ (ರಂಜಕ, ಸಾರಜನಕ ಎರಡೂ ಇರುವ ಚೀಲದ ಗೊಬ್ಬರ), ತಿಂಗಳಾದ ಮೇಲೆ ಹದ ನೋಡಿ ಯೂರಿಯಾ. ಒಂದೇ ವರ್ಷದ ಗುತ್ತಿಗೆ ಹೊಲವಾದರೆ ಚೀಲದ್ದೇ ಸಾಕು. ಬರೀ ತಿಪ್ಪೆಗೊಬ್ಬರ ಹಿತ್ತಲಿನ ತರಕಾರಿ ಮಡಿಗೆ ಸರಿ.